ಸ್ಪೈರಲ್ ಅಸೆಂಟ್: ಕ್ರಿಪ್ಟೋಸ್ ತಂಡದ ಚೊಚ್ಚಲ ಆಲ್ಬಂ, 2004

ಬೆಂಗಳೂರಿನ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. ಕಟ್ಟಿದವರು ಗಿಟಾರ್ ವಾದಕ ನೋಲನ್ ಲೂಯಿಸ್ ಮತ್ತು ಗಣೇಶ್ ಕೆ. ನಮ್ಮ ರಾಕ್ ತಂಡಗಳು ಕಾಲೇಜು ಉತ್ಸವಗಳಲ್ಲಿ ಹೆಚ್ಚಾಗಿ ವಿದೇಶಿ ತಂಡಗಳ ಹಾಡುಗಳನ್ನೇ ನುಡಿಸುತ್ತಿದ್ದ ಕಾಲವದು. ಇವರು ಸ್ವಂತ ಹಾಡುಗಳಿಗೇ ಪಟ್ಟು ಹಿಡಿದರು. ‘ಸ್ಪೈರಲ್ ಅಸೆಂಟ್’ನಲ್ಲಿ ಇರುವುದೂ ಅವೇ: ಜೋಡಿ ಗಿಟಾರುಗಳ ಓಟ, ಗಂಟಲು ಹರಿಯುವಂಥ ಗಾಯನ, ಇಂಗ್ಲಿಷ್ ಸಾಹಿತ್ಯ. ಹಾರ್ಡ್ ರಾಕ್ ಎಂದೊಡನೆ ನೆನಪಾಗುವ ಪೋಲಿ ಹಾಡುಗಳನ್ನು ಮಾತ್ರ ಇಲ್ಲಿ ಹುಡುಕಬೇಡಿ. ಸದ್ದಿಗೇನೂ ಕೊರತೆಯಿಲ್ಲ, ಆದರೆ ಹೊನ್ನಾಳಿ, ಚನ್ನಗಿರಿ ಕಡೆಯ ಜಾತ್ರೆಗಳಲ್ಲಿ ಡೊಳ್ಳಿನ ಮುಂದೆ ನಿಂತವರ ಕಿವಿಗೆ ಅದು ಹೊಸತಲ್ಲ. ಮುಂದೆ 2013ರಲ್ಲಿ ತಂಡ ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಏರಿತು.