ಟಿಪ್ಪುವಿನ 'ಸೆಂಟ್ ಐಟಮ್ಸ್', ಶೃಂಗೇರಿಯ 'ಇನ್‌ಬಾಕ್ಸ್'

ನಮ್ಮ ಹಿರೀಸಾವೆಯವರಿಗೆ ಶ್ರೀರಂಗಪಟ್ಟಣ ದೂರವೇನಲ್ಲ. ಟಿಪ್ಪುವಿನ ವಿಷಯ ಬಂದರೆ ಟೀ ಅಂಗಡಿಯಲ್ಲೂ ಎರಡು ಪಾರ್ಟಿ. ಒಬ್ಬರಿಗೆ ಹುಲಿ, ಇನ್ನೊಬ್ಬರಿಗೆ ಕ್ರೂರಿ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರಿನವನು, ಜಗಳ ಬಂದರೆ ಮೊದಲು 'ಲಾಗ್ ಎಲ್ಲಿದೆ?' ಅಂತ ಕೇಳೋ ಅಭ್ಯಾಸ :) ಇತಿಹಾಸದಲ್ಲಿ ಲಾಗ್ ಅಂದರೆ ಪತ್ರಗಳು.

ಟಿಪ್ಪುವಿನ ಕಾಲದವನೇ ಆದ ಅಮೆರಿಕದ ಥಾಮಸ್ ಜೆಫರ್ಸನ್‌ನನ್ನು ನೋಡಿ. ಜೀವಮಾನದಲ್ಲಿ 18 ಸಾವಿರಕ್ಕೂ ಹೆಚ್ಚು ಪತ್ರ ಬರೆದ. 1804ರಿಂದ ಎರಡು ಪೆನ್ನಿನ ಯಂತ್ರವೊಂದನ್ನು ಬಳಸುತ್ತಿದ್ದ; ಒಂದು ಪೆನ್ನಲ್ಲಿ ಬರೆದರೆ ಇನ್ನೊಂದು ತಾನೇ ನಕಲು ಬರೆಯುತ್ತಿತ್ತು. ಬ್ಯಾಕಪ್ ಅಂದ್ರೆ ಹಾಗಿರಬೇಕು! 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸ್ಸಿಗೆ ಹೋದಾಗ ಜೆಫರ್ಸನ್ ಅಲ್ಲೇ ಅಮೆರಿಕದ ಪ್ರತಿನಿಧಿಯಾಗಿದ್ದ. ಅವನ ಪತ್ರಗಳಲ್ಲಿ ಇವರ ಸುದ್ದಿಯೂ ಇದೆ. ಅವನ ಪತ್ರಗಳನ್ನು ಅವನ ದೇಶದವರೇ 1950ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕುತ್ತಾ ಬಂದರು.

ಟಿಪ್ಪುವೂ ಕಳಿಸಿದ ಪತ್ರಗಳ ನಕಲು ಇಡಿಸುತ್ತಿದ್ದ, ಪಾರ್ಸಿಯಲ್ಲಿ. ಆದರೆ 1799ರಲ್ಲಿ ಪಟ್ಟಣ ಬಿದ್ದಾಗ ಅವು ಗೆದ್ದವರ ಕೈಗೆ ಹೋದವು. 1811ರಲ್ಲಿ ಲಂಡನ್ನಿನಲ್ಲಿ ಅವುಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದವನು ವಿಲಿಯಂ ಕರ್ಕ್‌ಪ್ಯಾಟ್ರಿಕ್. ಟಿಪ್ಪು ಸತ್ತ ಮೇಲೆ ಮೈಸೂರನ್ನು ಹಂಚಿದ ಕಮಿಷನ್ನಿನ ಸದಸ್ಯ ಈತ! ಟಿಪ್ಪು ಕ್ರೂರಿ, ಮತಾಂಧ ಅನ್ನೋದಕ್ಕೆ ಈ ಪತ್ರಗಳೇ ಸಾಕ್ಷಿ ಅಂತ ಮುನ್ನುಡಿಯಲ್ಲೇ ಹೇಳಿಬಿಡುತ್ತಾನೆ. ಹಾಗಂತ ಪತ್ರಗಳೇ ಸುಳ್ಳು ಅನ್ನೋಕಾಗಲ್ಲ. ಕೊಡಗಿನವರನ್ನು ಸೆರೆಹಿಡಿದು ಮತಾಂತರಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಪತ್ರ ಅದರಲ್ಲಿದೆ. ಅದೇ ಪುಸ್ತಕದಲ್ಲಿ, ಬಂಗಾಳದಿಂದ ರೇಷ್ಮೆಹುಳು ತರಿಸಿ ಹೇಗೆ ಸಾಕಬೇಕು ಅಂತ ತಲೆ ಕೆಡಿಸಿಕೊಂಡ ಪತ್ರವೂ ಇದೆ.

ಇದು ಸೆಂಟ್ ಐಟಮ್ಸ್ ಕಥೆ. ಇನ್ನು ಇನ್‌ಬಾಕ್ಸ್.

1791ರಲ್ಲಿ ಕಾರ್ನ್‌ವಾಲಿಸ್ ಜೊತೆ ಯುದ್ಧ ನಡೀತಿತ್ತು. ಹತ್ತು ವರ್ಷ ಹಿಂದೆ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್‌ಗೆ ಶರಣಾಗಿದ್ದ ಸೈನ್ಯ ಇದೇ ಕಾರ್ನ್‌ವಾಲಿಸ್‌ನದು. ಆಗ ಇಂಗ್ಲಿಷರ ಮಿತ್ರರಾಗಿದ್ದ ಮರಾಠರ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಜನ ಸತ್ತರು. ಶಾರದೆಯ ವಿಗ್ರಹವನ್ನೂ ಬಿಡಲಿಲ್ಲ. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟಿಪ್ಪುವಿಗೆ ಬರೆದರು. ಅವನು ಅವರನ್ನು 'ಜಗದ್ಗುರು' ಅಂತ ಕರೆದು ಉತ್ತರ ಬರೆದ, ಕನ್ನಡದಲ್ಲಿ. ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು, ಅಷ್ಟೇ ಬೆಲೆಯ ದವಸ ಕೊಡುವಂತೆ ನಗರದ ಅಸಫನಿಗೆ ಹುಕುಂ ಹೋಯಿತು. ಸಹಸ್ರಚಂಡೀ ಜಪ ಮಾಡಿಸಿ ಅಂತಲೂ ಕೇಳಿಕೊಂಡ.

ಭಕ್ತಿಯಾ, ರಾಜಕೀಯವಾ? ರಾಜ್ಯದ ಅರ್ಧ ಕೈಬಿಡೋ ಹೊತ್ತಲ್ಲಿ ಅವೆರಡನ್ನೂ ಬೇರೆ ಮಾಡೋದು ಕಷ್ಟ ಅಂತ ನನಗನ್ನಿಸುತ್ತೆ.

ಇಂಥ ಸುಮಾರು ಮೂವತ್ತು ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅಂದ್ರೆ ನೂರಾ ಐದು ವರ್ಷ ಕಾಲ ಟಿಪ್ಪು ಅಂದರೆ ಕರ್ಕ್‌ಪ್ಯಾಟ್ರಿಕ್ ಆರಿಸಿಕೊಟ್ಟ ಟಿಪ್ಪು. ಮಠದವರು ಹಳೇ ಕಾಗದ ಅಂತ ಒಲೆಗೆ ಹಾಕಿದ್ದರೆ ಅರ್ಧ ಕಥೆ ಅಲ್ಲಿಗೇ ಮುಗೀತಿತ್ತು. ಶೃಂಗೇರಿಯ ಕಾಗದ ಕೊಡಗಿನದನ್ನು ಅಳಿಸಲ್ಲ, ಕೊಡಗಿನದು ಶೃಂಗೇರಿಯದನ್ನೂ ಅಳಿಸಲ್ಲ. ಎರಡನ್ನೂ ಬರೆಸಿದವನು ಒಬ್ಬನೇ. ಎರಡು ಪಾರ್ಟಿಯವರೂ ಇನ್ನೊಬ್ಬರ ಕಾಗದ ಓದಿ ಜಗಳ ಆಡಿದರೆ ಎಷ್ಟು ಚೆನ್ನ!

ನಮ್ಮ ಕಡೆ ಹಳೇ ಮನೆಗಳ ಅಟ್ಟದ ಮೇಲೆ ಇನ್ನೂ ಕಡತ, ಕಾಗದದ ಕಟ್ಟುಗಳಿರುತ್ತವೆ. ಮನೆ ಕೆಡವೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ. ಓದೋಕೆ ಬರದಿದ್ದರೆ ಫೋಟೋ ಆದರೂ ತೆಗೆದಿಡಿ. ಏನಂತೀರಿ?