ಕಾಲುವೆ, ಗುಳೆ ಮತ್ತು ಜನಸಂಖ್ಯೆ: ಮುದಗಲ್ ಸೀಮೆಯನ್ನು ಕುರಿತು

ರಾಯಚೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 16,69,762, 2011ರಲ್ಲಿ 19,28,812. ಏರಿಕೆ ಶೇ. 15.5. ರಾಜ್ಯದ ಏರಿಕೆಯೂ ಶೇ. 15.6 ಇರುವುದರಿಂದ ಜಿಲ್ಲೆಯದು ಸಹಜ ಬೆಳವಣಿಗೆ ಎಂದುಕೊಳ್ಳುವುದುಂಟು. ಅದು ಸರಿಯಲ್ಲ. ರಾಜ್ಯದ ಸರಾಸರಿಯನ್ನು ಎತ್ತಿದ್ದು ವಲಸಿಗರಿಂದ ತುಂಬಿದ ಬೆಂಗಳೂರು ನಗರ ಜಿಲ್ಲೆ. ಅಲ್ಲಿನ ಏರಿಕೆ ಶೇ. 47. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉಳಿದ ಕರ್ನಾಟಕ ಬೆಳೆದದ್ದು ಶೇ. 11ರಷ್ಟು ಮಾತ್ರ. ದುಡಿಮೆಗಾಗಿ ಜನ ಊರು ಬಿಡುವ ಜಿಲ್ಲೆಯೊಂದು ಇದಕ್ಕಿಂತ ವೇಗವಾಗಿ ಬೆಳೆದದ್ದೇಕೆ?

ಒಂದು ಕಾರಣ ನೀರು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಜಿಲ್ಲೆಯ ಸಿಂಧನೂರು ಭಾಗಕ್ಕೆ ಆಂಧ್ರದ ಕರಾವಳಿಯ ರೈತರು ಬಂದು ಭತ್ತ ಹಾಕಿದರು. ಅವರ ಕ್ಯಾಂಪುಗಳೇ ಊರುಗಳಾದವು. ಇದೇ ಜಿಲ್ಲೆಯ ಮುದಗಲ್ ಸುತ್ತಿನ ಬಹಳಷ್ಟು ಹೊಲಗಳು ಮಾತ್ರ ಮಳೆಯನ್ನೇ ನಂಬಿ ಉಳಿದವು.

ಎರಡನೆಯ ಕಾರಣ ಆಳವಾದದ್ದು: ಹೆಣ್ಣುಮಕ್ಕಳಿಗೆ ಓದು ಕಡಿಮೆಯಾದಲ್ಲಿ ಮದುವೆ ಬೇಗ, ಮಕ್ಕಳು ಹೆಚ್ಚು. 2011ರಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68, ರಾಯಚೂರಿನದು ಶೇ. 49ನ್ನೂ ಮುಟ್ಟಿರಲಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಾಗ ಮುದಗಲ್ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲೂ ಹಿಂದೆ ಬಿದ್ದ ಆ ಆಳ್ವಿಕೆಯ ದಶಕಗಳ ಬೆಲೆಯನ್ನು ಇಲ್ಲಿನ ಹೆಣ್ಣುಮಕ್ಕಳು ಇಂದಿಗೂ ತೆರುತ್ತಿದ್ದಾರೆ.

ಮಕ್ಕಳು ಹೆಚ್ಚಾದಷ್ಟೂ ಹೊಲ ಹಿಸ್ಸೆಯಾಗುತ್ತದೆ. ತುಂಡು ಹೊಲ ಹೊಟ್ಟೆ ತುಂಬಿಸದು. ಮಳೆ ಕೈಕೊಟ್ಟರೆ ಸಂಸಾರವೇ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತದೆ. ಬೆಳೆದ ಮಗಳನ್ನು ಊರಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ತಾಯ್ತಂದೆಗೆ ಅಂಜಿಕೆ. ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ, ಇಲ್ಲವೇ ಬೇಗನೆ ಮದುವೆಯಾಗುತ್ತದೆ. ಹೀಗೆ ಜನಸಂಖ್ಯೆಯ ಪರಿಣಾಮವೇ ಮತ್ತೆ ಅದರ ಕಾರಣವಾಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಒಟ್ಟು ಫಲವತ್ತತೆ ದರ 1.7; ಜನಸಂಖ್ಯೆ ಸ್ಥಿರವಾಗಲು ಬೇಕಾದ 2.1ಕ್ಕಿಂತ ಕಡಿಮೆ. ಆದರೆ ಹದಿನೇಳಕ್ಕೆ ತಾಯಿಯಾಗುವವಳಿಗೂ ಇಪ್ಪತ್ತೈದಕ್ಕೆ ತಾಯಿಯಾಗುವವಳಿಗೂ ತಲಾ ಎರಡೇ ಮಕ್ಕಳಾದರೂ ತಲೆಮಾರುಗಳ ಅಂತರ ಒಂದೇ ಅಲ್ಲ. ಬೇಗ ಬರುವ ತಲೆಮಾರು ಜನರನ್ನು ಬೇಗ ಹೆಚ್ಚಿಸುತ್ತದೆ. ಹೆಂಗಸರ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ ಕುಟುಂಬ ಯೋಜನೆ ಈ ಅಂತರವನ್ನು ಹಿಗ್ಗಿಸಲಾರದು. ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಗುಳೆ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಮುಗಿಯುವವರೆಗೆ ವಸತಿನಿಲಯ ಬೇಕು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಡಿ ಈ ಭಾಗಕ್ಕೆ ಬರುವ ಹಣ ಮೊದಲು ಇದಕ್ಕೆ ಸಲ್ಲಲಿ.