ಹೊಗೆ ಬಿಡದ ಗಾಡಿಯೂ ಗಾಳಿ ಕೆಡಿಸುತ್ತೆ: ಟೈರ್, ಬ್ರೇಕ್ ದೂಳಿನ ಲೆಕ್ಕ

ಎಮಿಷನ್ ಟೆಸ್ಟ್ ಮಾಡಿಸುವಾಗ ಸೈಲೆನ್ಸರ್‌ಗೆ ಕೊಳವೆ ತೂರಿಸಿ, ಹೊಗೆ ಅಳೆದು, ಸರ್ಟಿಫಿಕೇಟ್ ಕೊಡ್ತಾರೆ. ಅಲ್ಲಿಗೆ ಗಾಡಿ ‘ಕ್ಲೀನ್’. ಆದರೆ ಓಡಿಸ್ತಾ ಓಡಿಸ್ತಾ ಟೈರ್ ನುಣ್ಣಗಾಗುತ್ತಲ್ಲ, ಸವೆದ ಆ ರಬ್ಬರ್ ಎಲ್ಲಿ ಹೋಯ್ತು?

ಬಹುಪಾಲು ರಸ್ತೆಬದಿಗೆ, ಮಳೆ ಬಂದಾಗ ಚರಂಡಿಗೆ, ಕೆರೆಗೆ. ಅತಿ ಸಣ್ಣ ಕಣಗಳು ಗಾಳಿಗೆ, ಅಲ್ಲಿಂದ ನಮ್ಮ ಶ್ವಾಸಕೋಶಕ್ಕೆ.

ಈ ದೂಳಿನಲ್ಲಿ ಏನಿದೆ?

ಬ್ರೇಕ್ ಹಾಕಿದಾಗ ಪ್ಯಾಡ್ ಮತ್ತು ಡಿಸ್ಕ್ ಉಜ್ಜಿ ಕಬ್ಬಿಣ, ತಾಮ್ರ, ಬೇರಿಯಂನಂಥ ಲೋಹದ ಕಣಗಳು ಹೊರಬರುತ್ತವೆ. ಟೈರ್ ಬಿರುಕು ಬಿಡದಿರಲೆಂದು ‘6-ಪಿಪಿಡಿ’ ಎಂಬ ರಾಸಾಯನಿಕ ಬೆರೆಸುತ್ತಾರೆ. ಇದು ಓಝೋನ್ ಜೊತೆ ಸೇರಿ ಇನ್ನೊಂದು ವಿಷವಾಗುತ್ತದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಇದೇ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು.

ಕಾನೂನು ಏನು ಹೇಳುತ್ತೆ?

2020ರ ಏಪ್ರಿಲ್‌ನಿಂದ ನಮ್ಮಲ್ಲಿ ಜಾರಿಯಲ್ಲಿರುವ ಬಿಎಸ್-6 ನಿಯಮ ಹೊಗೆಗೆ ಮಿತಿ ಹಾಕಿದೆ, ಸವೆತದ ದೂಳಿಗೆ ಹಾಕಿಲ್ಲ. ಯುರೋಪ್ 2024ರಲ್ಲಿ ಒಪ್ಪಿದ ಯುರೋ-7 ನಿಯಮದಲ್ಲಿ ಮೊದಲ ಬಾರಿಗೆ ಬ್ರೇಕ್ ದೂಳಿಗೂ ಮಿತಿ ಬಂತು: ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರಿಗೆ 3 ಮಿಲಿಗ್ರಾಂ, ಬಹುತೇಕ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 7. ಟೈರ್ ಸವೆತಕ್ಕೂ ಮಿತಿ ಬರಲಿದೆ.

ಇವಿ ಬಂದ್ರೆ ಸರಿಹೋಗುತ್ತಾ?

ಅರ್ಧ ಸರಿಹೋಗುತ್ತೆ. ಇವಿಯಲ್ಲಿ ಹೊಗೆ ಇಲ್ಲ. ವೇಗ ತಗ್ಗಿಸಲು ಮೋಟಾರೇ ನೆರವಾಗುವುದರಿಂದ ಬ್ರೇಕ್ ಕೂಡ ಕಡಿಮೆ ಸವೆಯುತ್ತೆ. ಆದರೆ ಬ್ಯಾಟರಿ ಭಾರ ಹೆಚ್ಚಿದಷ್ಟೂ ಟೈರ್ ಸವೆತ ಹೆಚ್ಚು. ಒಇಸಿಡಿಯ 2020ರ ವರದಿಯ ಅಂದಾಜು ಹೀಗಿದೆ: ಸವೆತ ಮತ್ತು ರಸ್ತೆ ದೂಳಿನಿಂದ ಬರುವ ಪಿಎಂ 2.5 ಕಣಗಳು ಹಗುರ ಇವಿಗಳಲ್ಲಿ ಸಾಮಾನ್ಯ ಕಾರಿಗಿಂತ ಶೇ. 11-13ರಷ್ಟು ಕಡಿಮೆ, ದೊಡ್ಡ ಬ್ಯಾಟರಿಯ ಭಾರೀ ಇವಿಗಳಲ್ಲಿ ಶೇ. 3-8ರಷ್ಟು ಹೆಚ್ಚು.

ಅಂದರೆ ಹಸಿರು ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಎರಡು ಟನ್ನಿನ ಎಸ್‌ಯುವಿ ‘ಶೂನ್ಯ ಮಾಲಿನ್ಯ’ ಆಗಲ್ಲ.

ಹಾಗಾದ್ರೆ ದಾರಿ?

ಇಂಜಿನ್ ಬದಲಿಸಿದರೆ ಸಾಲದು, ಗಾಡಿಗಳ ತೂಕ ಮತ್ತು ಸಂಖ್ಯೆ ಎರಡೂ ಇಳಿಯಬೇಕು. ಅದಕ್ಕೆ ಬೇಕಿರುವುದು ಹೆಚ್ಚು ಬಸ್ಸು, ನಡೆಯೋಕಾಗುವ ಫುಟ್‌ಪಾತ್, ಸವೆತಕ್ಕೂ ಮಿತಿ ಹಾಕುವ ಕಾನೂನು. ಕಾರಿನ ಗಾಜು ಏರಿಸಿ ಕೂತವರಿಗಿಂತ ಈ ದೂಳನ್ನು ಹೆಚ್ಚು ಕುಡಿಯುವವರು ರಸ್ತೆ ಗುಡಿಸುವ ಪೌರಕಾರ್ಮಿಕರು, ಸಿಗ್ನಲ್‌ನಲ್ಲಿ ನಿಲ್ಲುವ ಪೊಲೀಸರು, ತಳ್ಳುಗಾಡಿಯವರು. ಇವಿ ಸಬ್ಸಿಡಿ ಬಗ್ಗೆ ಚರ್ಚೆ ಮಾಡುವಾಗ ಇವರ ಉಸಿರೂ ಲೆಕ್ಕಕ್ಕೆ ಬರಬೇಕು.